ಅಪ್ಪನ ಚಸ್ಮಾ ಮಗನಿಗೂ ಬರುತ್ತಾ? ಮೈನಸ್ ನಂಬರ್ ಮತ್ತು ಮನೆತನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ 18 ವರ್ಷದಿಂದ ಕಣ್ಣು ಪರೀಕ್ಷೆ ಮಾಡಿ ನಂಬರ್ ತೆಗೆಯುವ ಕೆಲಸ ನನ್ನದು. ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ನನಗೂ ಮೈನಸ್ 5.50 ಇದೆ. ಮಗುವಿನ ಮೂಗಿನ ಮೇಲೆ ಟ್ರಯಲ್ ಫ್ರೇಮ್ ಕೂರಿಸಿ ಮೊದಲ ಗಾಜು ಹಾಕುವಷ್ಟರಲ್ಲೇ ತಾಯಿ ತಂದೆಯ ಕಡೆ ನೋಡುತ್ತಾಳೆ, ತಂದೆ ತಾಯಿಯ ಕಡೆ. "ಇದು ನಿಮ್ಮ ಕಡೆಯದ್ದು" ಅನ್ನುವ ನೋಟ ಅದು. ಹೊರಗೆ ಹೋಗಿ ಆಟೋ ಹತ್ತುವಾಗ ಜಗಳವೂ ಆಗುತ್ತದೆ, ನನಗೆ ಗೊತ್ತು. ಆ ಜಗಳದಲ್ಲಿ ಬರುವ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ.

ಮೈನಸ್ ನಂಬರ್ ಬಂದಿದೆ ಅಂದರೆ ಕಣ್ಣಿನಲ್ಲಿ ಏನಾಗಿರುತ್ತದೆ?

ಸಾಮಾನ್ಯವಾಗಿ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಸ್ವಲ್ಪ ಉದ್ದ ಬೆಳೆದಿರುತ್ತದೆ. ಹುಟ್ಟಿದ ಕೂಸಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇರುತ್ತದೆ. ದೊಡ್ಡವರಾಗುವಷ್ಟರಲ್ಲಿ ಸುಮಾರು 24 ಆಗುತ್ತದೆ. ಅಲ್ಲಿಗೆ ನಿಂತರೆ ಸರಿ. ನಿಲ್ಲದೆ ಇನ್ನೂ ಬೆಳೆದರೆ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಪರದೆಯ ಮೇಲೆ, ಅಂದರೆ ರೆಟಿನಾ ಮೇಲೆ ಬೀಳುವುದಿಲ್ಲ. ಅದಕ್ಕಿಂತ ಮುಂದೆಯೇ ಬಿದ್ದು ಮಸುಕಾಗುತ್ತದೆ. ಒಂದು ಮಿಲಿಮೀಟರ್ ಜಾಸ್ತಿ ಬೆಳೆದರೆ ಸುಮಾರು ಎರಡೂವರೆಯಿಂದ ಮೂರು ನಂಬರ್. ನನ್ನ ಐದೂವರೆ ನಂಬರಿನ ಲೆಕ್ಕ ಹಾಕಿದರೆ ಅರ್ಧ ಜೋಳದ ಕಾಳಿನಷ್ಟು ಉದ್ದ ಹೆಚ್ಚಾಗಿದೆ, ಅಷ್ಟೇ.

ಶಾಲೆ ಪುಸ್ತಕದಲ್ಲಿ ಇದಕ್ಕೆ ಸಮೀಪದೃಷ್ಟಿ ಅನ್ನುತ್ತಾರೆ. ಹೆಸರು ಕೇಳಿ ಹತ್ತಿರದ್ದು ಕಾಣುವುದಿಲ್ಲ ಅಂತ ತಿಳಿಯುವವರೇ ಜಾಸ್ತಿ. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಕಾಣುವುದಿಲ್ಲ. ಒಮ್ಮೆ ಪಿಯುಸಿ ಹುಡುಗನೊಬ್ಬ ಬಂದಿದ್ದ. ಆಳಂದ ಬಸ್ಸು ಅಂತ ಅಫಜಲಪುರ ಬಸ್ಸು ಹತ್ತಿ, ಟಿಕೆಟ್ ತೆಗೆಸುವಾಗ ಗೊತ್ತಾಗಿ ಇಳಿದವನು. ಅಲ್ಲಿಯವರೆಗೆ ಬೋರ್ಡು ಓದುತ್ತಲೇ ಇರಲಿಲ್ಲವಂತೆ. ಊರಿನ ಮಂದಿ ಯಾವುದಕ್ಕೆ ಹತ್ತುತ್ತಾರೋ ಅದಕ್ಕೆ ಹತ್ತುತ್ತಿದ್ದ. "ಎಲ್ಲರಿಗೂ ಹಂಗೇ ಕಾಣ್ತದ ಅಂತ ತಿಳಿದಿದ್ದೆ ಸರ" ಅಂದ. ಮೈನಸ್ 2.25 ಇತ್ತು.

ನಮ್ಮಿಬ್ಬರಿಗೂ ಚಸ್ಮಾ ಇದೆ. ಮಗುವಿಗೆ ಬಂದೇ ಬರುತ್ತಾ?

ಬಂದೇ ಬರುತ್ತದೆ ಅಂತಿಲ್ಲ, ಸಾಧ್ಯತೆ ಮಾತ್ರ ಜಾಸ್ತಿ. ಅಪ್ಪ ಅವ್ವ ಇಬ್ಬರಿಗೂ ಇಲ್ಲದ ಮಗುವಿಗೆ ಹೋಲಿಸಿದರೆ, ಒಬ್ಬರಿಗೆ ಇದ್ದಾಗ ಸಾಧ್ಯತೆ ಸುಮಾರು ಎರಡು ಪಟ್ಟು ಆಗುತ್ತದೆ. ಇಬ್ಬರಿಗೂ ಇದ್ದರೆ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಆದರೂ ಇಬ್ಬರಿಗೂ ದಪ್ಪ ಗಾಜು ಇದ್ದು ಮಗಳಿಗೆ ಏನೂ ಇಲ್ಲದ ಮನೆಗಳನ್ನು ನಾನು ಕಂಡಿದ್ದೇನೆ.

ಇಲ್ಲೊಂದು ಮಾತು. 45 ದಾಟಿದ ಮೇಲೆ ಪೇಪರ್ ಓದಲು ಹಾಕುವ ಚಸ್ಮಾ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ವಯಸ್ಸಿನದು, ಎಲ್ಲರಿಗೂ ಬರುತ್ತದೆ. "ನಮ್ಮ ಮಾವನವರಿಗೂ ಚಸ್ಮಾ ಇದೆ" ಅಂದಾಗ ನಾನು ಮೊದಲು ಕೇಳುವುದು, ಯಾವ ವಯಸ್ಸಿಗೆ ಬಂತು, ದೂರಕ್ಕೋ ಹತ್ತಿರಕ್ಕೋ ಅಂತ.

ಇದಕ್ಕೆ ಯಾವ ಜೀನ್ ಕಾರಣ? ಅದನ್ನು ಹಿಡಿದರೆ ಮುಗೀತಲ್ಲ?

ಒಂದೇ ಜೀನ್ ಇದ್ದಿದ್ದರೆ ಮುಗಿಯುತ್ತಿತ್ತು. ಮೆಂಡೆಲ್ ಬಟಾಣಿ ಗಿಡದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದು ಎತ್ತರ ಇದ್ದಂತೆ. ಅಪ್ಪನ ಎತ್ತರ ಮಗನಿಗೆ ಬರುತ್ತದೆ, ಆದರೆ ಇಂಚು ಹಿಡಿದು ಬರುವುದಿಲ್ಲ. ನೂರಾರು ಜೀನ್‌ಗಳು ಒಂದೊಂದು ಚಿಟಿಕೆ ಹಾಕಿರುತ್ತವೆ.

2010ರಲ್ಲಿ 15ನೇ ಕ್ರೋಮೋಸೋಮಿನ ಮೇಲೆ ಜಿಜೆಡಿ2 ಎಂಬ ಜೀನ್ ಹತ್ತಿರದ ಒಂದು ಜಾಗ ಸಿಕ್ಕಿತು. 2018ರ ಹೊತ್ತಿಗೆ ಒಂದು ಲಕ್ಷ ಅರವತ್ತು ಸಾವಿರ ಜನರ ಡಿಎನ್‌ಎ ನೋಡಿ 161 ಜಾಗ ಗುರುತಿಸಿದರು. 2020ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದಾಗ ಸಂಖ್ಯೆ 449ಕ್ಕೆ ಏರಿತು.

ನನಗೆ ಇದರಲ್ಲಿ ಸೋಜಿಗ ಅನಿಸುವುದು ಸಂಖ್ಯೆ ಅಲ್ಲ. ಈ ಜೀನ್‌ಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ರೆಟಿನಾದಲ್ಲಿ, ಬೆಳಕು ಬಿದ್ದಾಗ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗದಲ್ಲಿ. ಆ ಜಿಜೆಡಿ2 ಕೂಡ ಅಂಥದ್ದೇ, ಕೋಶದಿಂದ ಕೋಶಕ್ಕೆ ಕಿಂಡಿ ಇಡುವ ಜೀನ್. ಕಣ್ಣು ಎಷ್ಟು ಉದ್ದ ಬೆಳೆಯಬೇಕು ಅನ್ನುವ ಸುದ್ದಿ ರೆಟಿನಾದಿಂದ ಹೊರಟು ಕಣ್ಣಿನ ಬಿಳಿ ಗೋಡೆಗೆ ಹೋಗುತ್ತದೆ. ಅಂದರೆ ಹಿರಿಯರಿಂದ ಬಂದಿರುವುದು ನಂಬರ್ ಅಲ್ಲ. ಬೆಳಕಿಗೆ ಕಣ್ಣು ಹೇಗೆ ಸ್ಪಂದಿಸುತ್ತದೆ ಅನ್ನುವ ಗುಣ. ಬೆಳಕು ಎಷ್ಟು ಬೀಳುತ್ತದೆ ಅನ್ನುವುದು ನಮ್ಮ ಕೈಯಲ್ಲಿದೆ. ಕೆಳಗಿನ ಉತ್ತರಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಮಗನಿಗೆ ಹೇಗೆ ಬಂತು?

ಮೊದಲು, ನಿಜವಾಗಿ ಯಾರಿಗೂ ಇಲ್ಲವಾ ನೋಡೋಣ. "ನಮ್ಮ ಅಜ್ಜಿಗೆ ಎಪ್ಪತ್ತು ದಾಟಿದರೂ ಚಸ್ಮಾ ಇಲ್ಲದೆ ಸೂಜಿಗೆ ದಾರ ಪೋಣಿಸಿ ಕೌದಿ ಹೊಲಿಯುತ್ತಾಳೆ, ಅಂಥ ಕಣ್ಣು" ಅಂತ ಹೆಮ್ಮೆಯಿಂದ ಹೇಳುವವರು ಬಹಳ. ನಾನು ನಗುತ್ತೇನೆ. ಆ ವಯಸ್ಸಿನಲ್ಲಿ ಚಸ್ಮಾ ಇಲ್ಲದೆ ದಾರ ಪೋಣಿಸಬೇಕಾದರೆ ಅಜ್ಜಿಗೆ ಎರಡೋ ಮೂರೋ ಮೈನಸ್ ಇರುವ ಸಾಧ್ಯತೆ ಜಾಸ್ತಿ. ಕೆಲವರಿಗೆ ಕಣ್ಣಿನ ಪೊರೆ ಶುರುವಾದಾಗಲೂ ಹಾಗೆ ಆಗುತ್ತದೆ. ಆದರೆ ಮೊದಲಿನಿಂದಲೂ ಹಾಗೇ ಇದ್ದರೆ ಮೈನಸ್ಸೇ. ಹೊಲ, ಒಲೆ, ನೀರಿನ ಕೊಡ, ಇದಕ್ಕೆಲ್ಲ ದೂರದ ಬೋರ್ಡು ಓದುವ ಅಗತ್ಯ ಅವಳಿಗೆ ಬರಲೇ ಇಲ್ಲ. ಯಾರೂ ಪರೀಕ್ಷೆ ಮಾಡಲಿಲ್ಲ.

ಎರಡನೆಯದು, ನಿಜವಾಗಿಯೂ ಇಲ್ಲದ ಮನೆಗಳಿಗೂ ಈಗ ಬರುತ್ತಿದೆ. 2002ರಲ್ಲಿ ಪ್ರಕಟವಾದ ಎರಡು ಸಮೀಕ್ಷೆಗಳನ್ನು ನೋಡಿ. ಒಂದು ನಮ್ಮ ಯಾದಗಿರಿಯ ಗಡಿಯಾಚೆ ಇದ್ದ ಮಹಬೂಬನಗರ ಜಿಲ್ಲೆಯ ಹಳ್ಳಿಗಳದ್ದು. ಅಲ್ಲಿ ನೂರು ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಮೈನಸ್ ಇತ್ತು. ಅದೇ ಹೊತ್ತಿಗೆ ದೆಹಲಿಯಲ್ಲಿ ಏಳು. 2015ರಲ್ಲಿ ಬಂದ ದೆಹಲಿಯ ಶಾಲಾ ಮಕ್ಕಳ ಸಮೀಕ್ಷೆಯಲ್ಲಿ ಹದಿಮೂರು. ಇಷ್ಟು ಕಡಿಮೆ ಸಮಯದಲ್ಲಿ ಜೀನ್ ಬದಲಾಗುವುದಿಲ್ಲ. ಅದಕ್ಕೆ ನೂರಾರು ತಲೆಮಾರು ಬೇಕು.

ಅಮೆರಿಕದ ಅಲಾಸ್ಕಾದಲ್ಲಿ ಆಗ ಬ್ಯಾರೋ ಎಂಬ ಹೆಸರಿದ್ದ ಊರಿನ ಕತೆ ಇನ್ನೂ ಸ್ಪಷ್ಟ. ಅಲ್ಲಿನ ಎಸ್ಕಿಮೋ ಮನೆತನಗಳನ್ನು ಪರೀಕ್ಷಿಸಿದ ಅಧ್ಯಯನ 1969ರಲ್ಲಿ ಪ್ರಕಟವಾಯಿತು. ಬೇಟೆಯಾಡಿ ಬದುಕಿದ ಅಜ್ಜ ಅಜ್ಜಿಯರಲ್ಲಿ ಮೈನಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶಾಲೆಗೆ ಹೋದ ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ. ರಕ್ತ ಅದೇ, ಮನೆತನ ಅದೇ. ನಡುವೆ ಬಂದದ್ದು ಶಾಲೆ.

ಆದರೆ ಅವಳಿಗಳ ಅಧ್ಯಯನದಲ್ಲಿ 80 ಪ್ರತಿಶತ ಅನುವಂಶೀಯ ಅಂತ ಬಂದಿದೆಯಂತೆ?

ಬಂದಿದೆ, ತಪ್ಪೂ ಅಲ್ಲ. ಆದರೆ ಆ ಸಂಖ್ಯೆಯನ್ನು ಓದುವ ರೀತಿಯಲ್ಲಿ ಎಡವುತ್ತೇವೆ. "ನನ್ನ ನಂಬರಿನಲ್ಲಿ 80 ಪಾಲು ಜೀನ್, 20 ಪಾಲು ಮೊಬೈಲ್" ಅಂತ ಅದರ ಅರ್ಥ ಅಲ್ಲ.

ತೊಗರಿ ಬೆಳೆಯುವ ಊರಿನವರಿಗೆ ಇದನ್ನು ತೊಗರಿಯಲ್ಲೇ ಹೇಳಬಹುದು. ನಾಲ್ಕು ತಳಿ ಬೀಜ ಬೆರೆಸಿ ಒಂದೇ ಎರೆ ಹೊಲದಲ್ಲಿ ಬಿತ್ತಿ. ಮಣ್ಣು ಒಂದೇ, ಮಳೆ ಒಂದೇ. ಗಿಡಗಳ ನಡುವೆ ಕಾಣುವ ಎತ್ತರದ ವ್ಯತ್ಯಾಸ ಹೆಚ್ಚುಕಡಿಮೆ ಬೀಜದ್ದೇ. ಈಗ ಅದೇ ಬೀಜವನ್ನು ಕಲ್ಲು ತುಂಬಿದ ಮಸಾರಿ ಹೊಲದಲ್ಲಿ ಬಿತ್ತಿ. ಅಲ್ಲೂ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಬೀಜದಿಂದಲೇ. ಆದರೆ ಇಡೀ ಹೊಲವೇ ಗಿಡ್ಡ. ಎರಡು ಹೊಲಗಳ ನಡುವಿನ ಅಂತರ ಬೀಜದ್ದಲ್ಲ, ಮಣ್ಣಿನದು.

ಮನೆಯಲ್ಲಿ ಬೆಳೆದ ಅವಳಿಗಳು ಒಂದೇ ಹೊಲದ ಗಿಡಗಳು. ಬ್ಯಾರೋದ ಅಜ್ಜ ಮತ್ತು ಮೊಮ್ಮಗ ಬೇರೆ ಬೇರೆ ಹೊಲ.

ಇದನ್ನು ಮನುಷ್ಯರಲ್ಲೇ ತೋರಿಸಿದ ಅಧ್ಯಯನವೂ ಇದೆ. 2008ರಲ್ಲಿ ಸಿಂಗಪುರ ಮತ್ತು ಸಿಡ್ನಿಯಲ್ಲಿದ್ದ ಚೀನೀ ಮೂಲದ 6–7 ವರ್ಷದ ಮಕ್ಕಳನ್ನು ಹೋಲಿಸಿದರು. ಚಸ್ಮಾ ಇದ್ದ ತಂದೆತಾಯಿಗಳ ಪ್ರಮಾಣ ಎರಡೂ ಕಡೆ ಸುಮಾರು ಒಂದೇ. ಮೈನಸ್ ಇದ್ದ ಮಕ್ಕಳು ಸಿಂಗಪುರದಲ್ಲಿ ನೂರಕ್ಕೆ 29, ಸಿಡ್ನಿಯಲ್ಲಿ 3. ದೊಡ್ಡ ವ್ಯತ್ಯಾಸ ಕಂಡದ್ದು ಮನೆ ಹೊರಗೆ ಕಳೆಯುವ ಹೊತ್ತಿನಲ್ಲಿ. ಸಿಡ್ನಿಯ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಹೊರಗಿರುತ್ತಿದ್ದರು, ಸಿಂಗಪುರದವರು 3 ಗಂಟೆ.

ಚಸ್ಮಾ ಇದ್ದವರು ಜಾಣರಿರುತ್ತಾರೆ ಅಂತಾರಲ್ಲ?

ಸುಮ್ನೆ ಮಾತು. ಆದರೆ ಓದಿಗೂ ಮೈನಸ್‌ಗೂ ನಂಟು ಇರುವುದು ನಿಜ. ಯಾವುದರಿಂದ ಯಾವುದು ಅಂತ ಬ್ರಿಟನ್ನಿನವರು ಜೀನ್‌ಗಳನ್ನೇ ಸಾಕ್ಷಿಯಾಗಿ ಇಟ್ಟುಕೊಂಡು ನೋಡಿದರು, 2018ರಲ್ಲಿ. ಓದಿದ ಒಂದೊಂದು ವರ್ಷಕ್ಕೆ ಸುಮಾರು ಕಾಲು ನಂಬರ್ ಮೈನಸ್ ಕಡೆ ಸರಿಯುತ್ತದೆ ಅಂತ ಬಂತು. ತಿರುಗಾಮುರುಗಾ ನೋಡಿದಾಗ, ಮೈನಸ್ ಇದ್ದದ್ದರಿಂದ ಜಾಸ್ತಿ ಓದಿದರು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಬೋರ್ಡಿನ ಮೇಲಿನದು ತಪ್ಪು ಬರೆದೆ ಅಂತ ಮಾಸ್ತರರು ವರ್ಷವಿಡೀ ಕೊನೆ ಬೆಂಚಿಗೆ ಕಳಿಸಿದ್ದರು. ಕೊನೆ ಬೆಂಚಿನಿಂದ ಇನ್ನೂ ಕಾಣಲಿಲ್ಲ. ದಡ್ಡ ಅನ್ನುವ ಹೆಸರು ಬಂತು. ಜಾಣ ಅನ್ನುವ ಹೆಸರು ಚಸ್ಮಾ ಬಂದ ಮೇಲೆ ಬಂತು. ಎರಡೂ ಸುಳ್ಳೇ.

ಸೋದರಮಾವನಿಗೇ ಕೊಟ್ಟಿದ್ದೇವೆ. ಅದರಿಂದ ಮಕ್ಕಳಿಗೆ ಬಂತಾ?

ನಮ್ಮ ಕಡೆ ಒಳಸಂಬಂಧ ಜಾಸ್ತಿ, ಹಾಗಾಗಿ ಈ ಪ್ರಶ್ನೆ ಪಿಸುಮಾತಿನಲ್ಲಿ ಬರುತ್ತದೆ. ಸಾಮಾನ್ಯ ಮೈನಸ್, ಅಂದರೆ ಎಂಟು ಹತ್ತು ವರ್ಷಕ್ಕೆ ಶುರುವಾಗಿ ನಿಧಾನ ಏರುವುದು, ಅದಕ್ಕೆ ಸಂಬಂಧದ ಮದುವೆಯನ್ನೇ ದೂರಬೇಕಿಲ್ಲ. ಹೊರಗಿನ ಸಂಬಂಧ ತಂದ ಮನೆಗಳಲ್ಲೂ ಅಷ್ಟೇ ಕಾಣುತ್ತಿದ್ದೇನೆ.

ಆದರೆ ಇನ್ನೊಂದು ಬಗೆ ಇದೆ. ಇಲ್ಲಿ ಒಂದೇ ಜೀನ್ ಕೆಟ್ಟಿರುತ್ತದೆ, ಮೈನಸ್ ಅದರ ಒಂದು ಲಕ್ಷಣ ಅಷ್ಟೇ. ಮಾರ್ಫನ್ ಸಿಂಡ್ರೋಮಿನಲ್ಲಿ ಮಗು ಬಹಳ ಎತ್ತರ ಇರುತ್ತದೆ, ಬೆರಳು ಉದ್ದ, ಕಣ್ಣೊಳಗಿನ ಲೆನ್ಸ್ ಜಾಗ ಬಿಟ್ಟಿರಬಹುದು, ಹೃದಯದ ದೊಡ್ಡ ರಕ್ತನಾಳಕ್ಕೂ ತೊಂದರೆ. ಸ್ಟಿಕ್ಲರ್ ಸಿಂಡ್ರೋಮಿನಲ್ಲಿ ಕೀಲು, ಕಿವಿ, ರೆಟಿನಾ ಮೂರೂ ಸೇರುತ್ತವೆ. ಇವೆರಡೂ ಹೆಚ್ಚಾಗಿ ಒಬ್ಬ ಪಾಲಕರಿಂದಲೇ ಬರುವಂಥವು, ಸಂಬಂಧದ ಮದುವೆಗೂ ಅವಕ್ಕೂ ನಂಟಿಲ್ಲ. ಹುಟ್ಟಿನಿಂದಲೇ ಇರುಳುಗಣ್ಣು ಮತ್ತು ದೊಡ್ಡ ಮೈನಸ್ ಒಟ್ಟಿಗೆ ಬರುವ ಕಾಯಿಲೆಯ ಒಂದು ಬಗೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ತಂದೆ ತಾಯಿ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಕೊಟ್ಟಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳೂ ಇವೆ. ಒಳಸಂಬಂಧದಲ್ಲಿ ಜಾಸ್ತಿಯಾಗುವುದು ಆ ಕೊನೆಯವು.

ಶಾಲೆಗೆ ಸೇರುವ ಮೊದಲೇ ಮೈನಸ್ ಐದು ಆರು ಇದ್ದರೆ, ಅಥವಾ ಕತ್ತಲಲ್ಲಿ ಮಗು ತಡವರಿಸಿದರೆ, ನಾನು ಚಸ್ಮಾ ಬರೆದು ಸುಮ್ಮನಾಗುವುದಿಲ್ಲ. ರೆಟಿನಾ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಜೀನ್ ಟೆಸ್ಟಿಗೆ ಅರ್ಥ ಇರುವುದು ಇಂಥ ಮಕ್ಕಳಲ್ಲಿ.

ಹಾಗಾದರೆ ಸಾಮಾನ್ಯ ಮೈನಸ್‌ಗೆ ಜೀನ್ ಟೆಸ್ಟ್ ಬೇಡವಾ?

ಬೇಡ. ನೂರಾರು ಜೀನ್ ಸೇರಿಸಿ ಹೇಳುವ ಭವಿಷ್ಯ ಒಂದು ಮಗುವಿನ ಮಟ್ಟಿಗೆ ಇನ್ನೂ ಅಷ್ಟು ಗಟ್ಟಿ ಇಲ್ಲ. ಅದಕ್ಕಿಂತ ಕಣ್ಣಿಗೆ ಡ್ರಾಪ್ಸ್ ಹಾಕಿ ಮಾಡುವ ಮಾಮೂಲಿ ಪರೀಕ್ಷೆ ಚೆನ್ನಾಗಿ ಹೇಳುತ್ತದೆ. ಚಿಕ್ಕ ಮಕ್ಕಳ ಕಣ್ಣು ಸ್ವಲ್ಪ ಪ್ಲಸ್, ಅಂದರೆ ಮೈನಸ್ಸಿನ ಉಲ್ಟಾ ಇರಬೇಕು, ಅದು ಬೆಳವಣಿಗೆಗೆ ಕೂಡಿಟ್ಟ ಗಂಟು. ಆರು ವರ್ಷಕ್ಕೇ ಪ್ಲಸ್ 0.75ಕ್ಕಿಂತ ಕಡಿಮೆ ಇದ್ದರೆ ಗಂಟು ಬೇಗ ಖಾಲಿಯಾಗುತ್ತಿದೆ, ಮುಂದೆ ಮೈನಸ್ ಬರುವ ಸಾಧ್ಯತೆ ಜಾಸ್ತಿ.

ಹುಡುಗಿಗೆ ಚಸ್ಮಾ ಇದೆ. ಗಂಡಿನ ಮನೆಯವರಿಗೆ ಹೇಳಬೇಕಾ?

ಇದು ಕಣ್ಣಿನ ಪ್ರಶ್ನೆ ಅಲ್ಲ, ಆದರೂ ವಾರಕ್ಕೊಮ್ಮೆ ಬರುತ್ತದೆ. ನೋಡಲು ಬಂದ ದಿನ ಚಸ್ಮಾ ತೆಗೆಸಿ, ಚಹಾದ ಟ್ರೇ ಕೊಟ್ಟು ಕಳಿಸುತ್ತಾರೆ. ಮೈನಸ್ ನಾಲ್ಕು ಇದ್ದವಳಿಗೆ ಎದುರು ಕುಳಿತವರಲ್ಲಿ ಹುಡುಗ ಯಾರು, ಅವನ ಕಾಕಾ ಯಾರು ಅಂತ ಗೊತ್ತಾಗುವುದಿಲ್ಲ. ನೋಡುವ ಶಾಸ್ತ್ರದಲ್ಲಿ ಅವಳೊಬ್ಬಳೇ ಏನೂ ನೋಡಿರುವುದಿಲ್ಲ. ಬಂದ ಹುಡುಗ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಕೂತಿರುತ್ತಾನೆ, ಅದನ್ನು ಯಾರೂ ಕೇಳುವುದಿಲ್ಲ.

ನಂಬರ್ ಇಬ್ಬರ ಕಡೆಯಿಂದಲೂ ಇಳಿಯುತ್ತದೆ, ಅಪ್ಪನಿಂದ ಅವ್ವನಿಂದ ಸಮ. ಹೇಳಿಬಿಡಿ.

ಲೇಸರ್ ಮಾಡಿಸಿ ಚಸ್ಮಾ ತೆಗೆಸಿದರೆ ಮಕ್ಕಳಿಗೆ ಬರುವುದಿಲ್ಲ ಅಲ್ವಾ?

ಲೇಸರ್ ಕೆತ್ತುವುದು ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು. ಜೀನ್ ಮುಟ್ಟುವುದಿಲ್ಲ, ಕಣ್ಣಿನ ಉದ್ದವೂ ಹಾಗೇ ಇರುತ್ತದೆ. ಹಾಗಾಗಿ ಮಕ್ಕಳ ಡಾಕ್ಟರ್ ಕೇಳಿದಾಗ "ನನಗೆ ಏನೂ ಇಲ್ಲ" ಅನ್ನಬೇಡಿ, ಹಳೆ ನಂಬರ್ ಹೇಳಿ. ದೊಡ್ಡ ಮೈನಸ್ ಇದ್ದವರು ಲೇಸರ್ ಆದ ಮೇಲೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು. ಉದ್ದ ಕಣ್ಣಿನಲ್ಲಿ ರೆಟಿನಾ ತೆಳುವಾಗಿ ಎಳೆದಿರುತ್ತದೆ. ಮಿಂಚು ಹೊಡೆದಂತೆ ಬೆಳಕು, ಒಮ್ಮೆಲೇ ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತೆ ನೆರಳು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ಅಂದರೆ ತಡ.

ಮೊಬೈಲ್‌ನಿಂದ ಬರುತ್ತಾ?

ಮೊಬೈಲ್ ಇಲ್ಲದ ಕಾಲದಲ್ಲಿ ನನಗೆ ಬಂದದ್ದು ನೋಡಿದರೆ ಮೊಬೈಲ್ ಒಂದನ್ನೇ ಬೈಯುವ ಹಾಗಿಲ್ಲ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಗಂಟೆಗಟ್ಟಲೆ ನೋಡುವುದು ಪುಸ್ತಕವಾದರೂ ಒಂದೇ, ಪರದೆಯಾದರೂ ಒಂದೇ. ಮೊಬೈಲ್ ಮಾಡುವ ಇನ್ನೊಂದು ಕೆಲಸವೆಂದರೆ ಮಗುವನ್ನು ಒಳಗೆ ಕೂರಿಸುವುದು.

ಹೊರಗೆ ಕಳಿಸಿ ಅಂತೀರಿ. ಕಲಬುರಗಿ ಬಿಸಿಲಿನಲ್ಲಾ?

ನ್ಯಾಯವಾದ ಪ್ರಶ್ನೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಅಟ್ಟಿ ಅಂತ ನಾನು ಹೇಳುವುದಿಲ್ಲ. ಆದರೆ ಕಣ್ಣಿಗೆ ಬೇಕಾದ್ದು ಬಿಸಿಲಲ್ಲ, ಬೆಳಕು. ಎರಡನ್ನೂ ನಾವು ಒಂದೇ ಅಂದುಕೊಂಡಿದ್ದೇವೆ.

ಶಹಾಬಾದ್ ಕಲ್ಲಿನ ಹಳೆ ಮನೆ ನೆನಪಿಸಿಕೊಳ್ಳಿ. ಸಣ್ಣ ಕಿಟಕಿ, ತಂಪು, ಹಗಲಲ್ಲೂ ಲೈಟು. ಅಲ್ಲಿ ಬೆಳಕು ಅಳೆದರೆ ನೂರು, ಇನ್ನೂರು ಲಕ್ಸ್ ಸಿಗಬಹುದು. ಅದೇ ಮನೆ ಮುಂದಿನ ಬೇವಿನ ಮರದ ನೆರಳಿಗೆ ಬನ್ನಿ, ಕೆಲವು ಸಾವಿರ ಲಕ್ಸ್. ನೇರ ಬಿಸಿಲಿನಲ್ಲಿ ಒಂದು ಲಕ್ಷದ ಹತ್ತಿರ. ನೆರಳಿನ ಬೆಳಕೇ ಕಣ್ಣಿಗೆ ಬೇಕಾದಷ್ಟಾಯಿತು. ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೊರಬರುತ್ತದೆ. ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುವುದು ಅದೇ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ.

ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಹೊರಗಿನ ಆಟ ಜಾಸ್ತಿ ಮಾಡಿದರು. ಮೂರು ವರ್ಷದ ನಂತರ ಹೊಸದಾಗಿ ಮೈನಸ್ ಬಂದವರು ಆಟ ಆಡಿದ ಶಾಲೆಗಳಲ್ಲಿ ನೂರಕ್ಕೆ ಸುಮಾರು 30, ಉಳಿದ ಶಾಲೆಗಳಲ್ಲಿ 39. ಇದು 2015ರಲ್ಲಿ ಪ್ರಕಟವಾಯಿತು. ಪವಾಡ ಅಲ್ಲ, ಆದರೆ ಖರ್ಚಿಲ್ಲದ ಔಷಧ. ಮೈನಸ್ ಬರುವ ಮುಂಚೆ ಇದರ ಲಾಭ ಜಾಸ್ತಿ. ಬಂದ ಮೇಲೆ ಏರುವುದನ್ನು ತಡೆಯುವ ಶಕ್ತಿ ಅಷ್ಟಾಗಿ ಕಂಡಿಲ್ಲ.

ನಮ್ಮಲ್ಲಿ ಹೇಗೆ? ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆಯಿಂದ ಎಂಟು, ಸಂಜೆ ಐದರ ಮೇಲೆ. ಅಪ್ಪನ ಕೆರೆ ದಂಡೆ, ಪಬ್ಲಿಕ್ ಗಾರ್ಡನ್, ಏನೂ ಇಲ್ಲದಿದ್ದರೆ ಮನೆ ಮಾಳಿಗೆ. ಮಳೆಗಾಲ ಚಳಿಗಾಲದಲ್ಲಿ ನೆಪ ಹೇಳುವಂತಿಲ್ಲ. ದಿನಕ್ಕೆ ಎರಡು ಗಂಟೆ ಸಿಕ್ಕರೆ ಒಳ್ಳೆಯದು, ಟೊಪ್ಪಿಗೆ ಹಾಕಿದರೂ ಲಾಭ ಹೋಗುವುದಿಲ್ಲ. ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಮಾತ್ರ ಹೇಳಿಕೊಡಿ. ನಿಜವಾದ ಅಡ್ಡಿ ಬಿಸಿಲಲ್ಲ, ಸಂಜೆ ಐದಕ್ಕೇ ಶುರುವಾಗುವ ಟ್ಯೂಷನ್. ಐದನೇ ಇಯತ್ತೆಯ ಮಕ್ಕಳನ್ನು ನವೋದಯ, ಮೊರಾರ್ಜಿ ಪರೀಕ್ಷೆಗೆ ಅಂತ ಟ್ಯೂಬ್‌ಲೈಟ್ ಕೆಳಗೆ ಕೂರಿಸುತ್ತೇವೆ. ಚಸ್ಮಾ ಇರುವ ಅಪ್ಪ ಅವ್ವ ಮಗುವಿಗೆ ಜೀನ್ ಜೊತೆ ಈ ದಿನಚರಿಯನ್ನೂ ಕೊಟ್ಟಿರುತ್ತಾರೆ. ನಾನೂ ನನ್ನ ಮಗಳಿಗೆ ಕೊಟ್ಟಿದ್ದೆ. ಹೋದ ವರ್ಷ ಅವಳ ಟ್ಯೂಷನ್ ಏಳಕ್ಕೆ ಬದಲಾಯಿಸಿದೆವು.

ಚಸ್ಮಾ ಹಾಕಿದರೆ ನಂಬರ್ ಏರುತ್ತಾ? ಸ್ವಲ್ಪ ಕಡಿಮೆ ನಂಬರ್ ಕೊಡಿ ಅಂತ ಕೇಳಬಹುದಾ?

ಕೇಳಬೇಡಿ. ಮಲೇಷ್ಯಾದಲ್ಲಿ ಹಾಗೇ ಕಡಿಮೆ ನಂಬರ್ ಕೊಟ್ಟು ನೋಡಿದ್ದಾರೆ, 2002ರಲ್ಲಿ. ಆ ಮಕ್ಕಳ ನಂಬರ್ ಇನ್ನೂ ಸ್ವಲ್ಪ ಬೇಗ ಏರಿತು.

ಗಜ್ಜರಿ, ತುಪ್ಪ, ಕಣ್ಣಿನ ವ್ಯಾಯಾಮ?

ಗಜ್ಜರಿ ತಿನ್ನಿ, ಒಳ್ಳೆಯದು. ಇರುಳುಗಣ್ಣು ತಡೆಯುವ ಎ ವಿಟಮಿನ್ ಅದರಲ್ಲಿ ಸಿಗುತ್ತದೆ. ಉದ್ದವಾದ ಕಣ್ಣನ್ನು ಯಾವುದೂ ಗಿಡ್ಡ ಮಾಡುವುದಿಲ್ಲ.

ಏರುವುದನ್ನು ತಡೆಯುವ ಔಷಧ ಇದೆಯಾ?

ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಇದೆ, ರಾತ್ರಿ ಮಲಗುವಾಗ ಒಂದು ಹನಿ. ಸಿಂಗಪುರ, ಹಾಂಗ್‌ಕಾಂಗ್‌ನಲ್ಲಿ ಇದರ ಮೇಲೆ ದೊಡ್ಡ ಪ್ರಯೋಗಗಳಾಗಿವೆ. ಏರುವ ವೇಗ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಹಾಕಿ, ಪಕ್ಕದ ಮನೆ ಮಗುವಿನ ಬಾಟಲಿ ತರಬೇಡಿ. ಅಂಚಿನಲ್ಲಿ ಬೇರೆ ಪವರ್ ಇರುವ ವಿಶೇಷ ಗಾಜುಗಳೂ ಬಂದಿವೆ. ಬೆಲೆ ಜಾಸ್ತಿ. ನಂಬರ್ ವರ್ಷಕ್ಕೆ ಅರ್ಧಕ್ಕಿಂತ ಜಾಸ್ತಿ ಏರುವ ಮಗುವಿಗೆ ಯೋಚಿಸಬಹುದು, ಎಲ್ಲರಿಗೂ ಬೇಕಿಲ್ಲ.

ಎಲ್ಲಿ ತೋರಿಸಬೇಕು? ದುಡ್ಡು ಎಷ್ಟಾಗುತ್ತೆ?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಚಸ್ಮಾ ಉಚಿತ. ಬರುವಾಗ ಅಪ್ಪ ಅವ್ವನ ಹಳೆ ಚಸ್ಮಾ ಮನೆಯಲ್ಲಿದ್ದರೆ ತನ್ನಿ. ಚೀಟಿ ಕಳೆದಿದ್ದರೂ ಗಾಜಿನಿಂದಲೇ ನಂಬರ್ ತೆಗೆಯಬಹುದು.

ಒಬ್ಬನಿಗೆ ಬಂದಿದೆ. ತಮ್ಮ ತಂಗಿಗೂ ಪರೀಕ್ಷೆ ಮಾಡಿಸಬೇಕಾ?

ಮಾಡಿಸಿ. ಜೇವರ್ಗಿ ಕಡೆಯ ಒಬ್ಬ ಹುಡುಗನ ನಂಬರ್ ತೆಗೆಯುವಾಗ ತಂಗಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು, ಏಳು ವರ್ಷ ಇರಬೇಕು. ಅಣ್ಣ ತಡವರಿಸಿದಲ್ಲೆಲ್ಲ ಅವಳು ಮುಂದೆ ಹೇಳಿಕೊಡುತ್ತಿದ್ದಳು. "ಇವಳ ಕಣ್ಣು ಗಟ್ಟಿ ಅದಾವ್ರೀ" ಅಂದರು ಅವ್ವ. ಕೂತಿದ್ದೀಯಲ್ಲ, ನೀನೂ ಓದವ್ವ ಅಂತ ಚಾರ್ಟ್ ಬದಲಾಯಿಸಿದೆ. ಮೂರನೇ ಸಾಲಿಗೆ ನಿಂತಳು. ಅಷ್ಟು ಹೊತ್ತು ಹೇಳಿದ್ದು ಅಣ್ಣನಿಗಿಂತ ಮುಂಚೆ ಬಂದವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿದ್ದು.